ಬೀಟಲ್ ಕಾರಿನಲ್ಲಿ ಮೊದಲು ಕ್ಲಚ್ ಕೇಬಲ್, ಆಮೇಲೆ ಗೇರ್ ಲಿಂಕೇಜ್

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಸಂಜೆಯ ಹೊತ್ತು ಕಾರು ಓಡಿಸುವವರಿಗೆ ಕ್ಲಚ್ಚಿನ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕೆಲವು ವಾರಗಳಿಂದ ರಿವರ್ಸ್ ಹಾಕುವಾಗ ಕರಕರ ಸದ್ದು ಮಾಡುತ್ತಿತ್ತು, ಎರಡನೇ ಗೇರಿಗೆ ಹೋಗಲು ಹಟ ಹಿಡಿಯುತ್ತಿತ್ತು. ನೋಡಿದವರೆಲ್ಲ ಗೇರ್‌ಬಾಕ್ಸ್ ಬಿಚ್ಚಬೇಕೆಂದೇ ಹೇಳಿದರು. ಆದರೆ ಬಿಚ್ಚುವ ಮೊದಲು ಮಾಡಬೇಕಾದ ಒಂದು ಪರೀಕ್ಷೆಯಿದೆ, ಅದಕ್ಕೆ ಸ್ಪ್ಯಾನರ್ ಕೂಡ ಬೇಡ.

ಎಂಜಿನ್ ಆರಿಸಿ, ಕ್ಲಚ್ ಒತ್ತಿ, ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಿ ನೋಡಬೇಕು. ಆರಿದ ಎಂಜಿನ್ನಿನಲ್ಲಿ ಸಲೀಸಾಗಿ ಬೀಳುವ ಗೇರು ಎಂಜಿನ್ ಓಡುವಾಗ ಮಾತ್ರ ಕಿರುಗುಟ್ಟಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ರಿವರ್ಸ್ ಗೇರಿಗೆ ಸಿಂಕ್ರೊ, ಅಂದರೆ ಗೇರು ಬೀಳುವ ಮೊದಲು ವೇಗಗಳನ್ನು ಹೊಂದಿಸುವ ಭಾಗ, ಇಲ್ಲದಿರುವುದರಿಂದ ಆ ದೋಷ ಮೊದಲು ಅಲ್ಲಿಯೇ ಕೇಳಿಸುತ್ತದೆ. ಎಂಜಿನ್ ಆರಿದ್ದಾಗಲೂ ಗೇರ್ ಲಿವರ್ ದಾರಿ ಹುಡುಕುತ್ತಿದ್ದರೆ ತಪ್ಪು ಲಿಂಕೇಜಿನದು, ಅಂದರೆ ಲಿವರನ್ನು ಗೇರ್‌ಬಾಕ್ಸಿಗೆ ಜೋಡಿಸುವ ಭಾಗಗಳದು. ನಮ್ಮ ಕಾರಿನಲ್ಲಿ ಎರಡೂ ಇದ್ದವು. ಹಾಗಿದ್ದಾಗ ಮೊದಲು ಕೈಹಾಕಬೇಕಾದದ್ದು ಕ್ಲಚ್ಚಿಗೆ, ಏಕೆಂದರೆ ಕ್ಲಚ್ ಸರಿಯಾಗಿ ಬಿಡದ ಕಾರಿನಲ್ಲಿ ಲಿಂಕೇಜನ್ನು ಎಷ್ಟು ತಿದ್ದಿದರೂ ಅದು ಸರಿಯಾಯಿತೋ ಇಲ್ಲವೋ ತಿಳಿಯುವುದಿಲ್ಲ.

ಮಾರುತಿ 800ರದ್ದೂ ಕೇಬಲ್ ಕ್ಲಚ್ಚೇ ಆದ್ದರಿಂದ ಇಲ್ಲಿನ ಮೆಕ್ಯಾನಿಕ್‌ಗಳಿಗೆ ಈ ಕೆಲಸ ಹೊಸದಲ್ಲ. ಬೀಟಲ್‌ನಲ್ಲಿ ಎಂಜಿನ್ ಹಿಂದಿರುವುದರಿಂದ ಕೇಬಲ್ ಮಾತ್ರ ಬಹಳ ಉದ್ದ: ಪೆಡಲ್ಲಿನಿಂದ ಹೊರಟು, ಕಾರಿನ ನಡುವಿನ ಟನಲ್ ಒಳಗೇ ಸಾಗಿ, ಗೇರ್‌ಬಾಕ್ಸಿನ ಮೇಲಿರುವ ಕ್ಲಚ್ ಲಿವರಿಗೆ ಬಂದು ಸೇರುತ್ತದೆ. ಪೆಡಲ್ಲನ್ನು ಬೆರಳಿನಿಂದ ಒತ್ತಿದಾಗ ಬಿಗಿ ಸಿಗುವ ಮೊದಲು ಅದು 10ರಿಂದ 20 ಮಿಲಿಮೀಟರ್ ಸಡಿಲವಾಗಿ ಚಲಿಸಬೇಕು. ಕೇಬಲ್ ಹಿಗ್ಗಿದರೆ ಈ ಪ್ಲೇ ಹೆಚ್ಚಾಗಿ ಗೇರು ಕಿರುಗುಟ್ಟುತ್ತದೆ. ಕ್ಲಚ್ ಪ್ಲೇಟ್ ಸವೆದರೆ ಪ್ಲೇ ಕಡಿಮೆಯಾಗುತ್ತದೆ. ಅದು ಸೊನ್ನೆಗೆ ಇಳಿದರೆ ಕ್ಲಚ್ಚನ್ನು ಒತ್ತಿ ಬಿಡಿಸುವ ರಿಲೀಸ್ ಬೇರಿಂಗ್ ಸದಾ ಒತ್ತಿಕೊಂಡೇ ತಿರುಗಿ ಬೇಗ ಹಾಳಾಗುತ್ತದೆ, ಪ್ಲೇಟೂ ಜಾರಲಾರಂಭಿಸುತ್ತದೆ.

ಕಾರನ್ನು ಎತ್ತಿದ ಮೇಲೆ ಜಾಕನ್ನೇ ನಂಬಿ ಅಡಿಗೆ ಹೋಗಬಾರದು, ಸ್ಟ್ಯಾಂಡ್ ಕೊಟ್ಟು ಚಕ್ರಗಳಿಗೆ ಅಡ್ಡ ಇಡಲೇಬೇಕು. ಕ್ಲಚ್ ಲಿವರಿನ ತುದಿಯಲ್ಲಿ ಕೇಬಲ್ಲನ್ನು ಹಿಡಿದಿರುವ ವಿಂಗ್ ನಟ್ಟನ್ನು (ರೆಕ್ಕೆಯಿರುವ ನಟ್ಟು) ತಿರುಗಿಸುವಾಗ ಕೇಬಲ್ ತಿರುಚಿಕೊಳ್ಳದಂತೆ ಅದರ ತುದಿಯನ್ನು ಇಕ್ಕಳದಿಂದ ಹಿಡಿದಿರಬೇಕು. ತಿರುಗಿಸಿ ಮುಗಿದ ಮೇಲೆ ನಟ್ಟಿನ ಎರಡು ಉಬ್ಬುಗಳು ಲಿವರಿನ ಗುಳಿಗಳಲ್ಲಿ ಕೂತಿವೆಯೇ ಎಂದು ಬೆರಳಿಟ್ಟು ನೋಡಬೇಕು. ಕೂರದಿದ್ದರೆ ನಟ್ ತಾನಾಗಿಯೇ ತಿರುಗಿಕೊಳ್ಳುತ್ತದೆ.

ಇಲ್ಲಿಗೆ ಕೆಲಸ ಮುಗಿಯಿತೆಂದು ಬಹುಪಾಲು ಜನ ಕಾರು ಇಳಿಸಿಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾದ ಭಾಗವೆಂದರೆ ಬೌಡನ್ ಟ್ಯೂಬ್. ಚಾಸಿಗೂ ಗೇರ್‌ಬಾಕ್ಸಿಗೂ ನಡುವೆ ಕೇಬಲ್ಲನ್ನು ಹೊದ್ದಿರುವ ಈ ಕೊಳವೆ ನೆಟ್ಟಗಿರಬಾರದು, 25ರಿಂದ 45 ಮಿಲಿಮೀಟರ್‌ನಷ್ಟು ಕೆಳಗೆ ಬಾಗಿರಬೇಕು. ಆ ಬಾಗು ಕೇಬಲ್ಲಿಗೆ ತುಸು ಘರ್ಷಣೆ ಕೊಟ್ಟು ಕ್ಲಚ್ ಮೆತ್ತಗೆ ಹಿಡಿಯುವಂತೆ ಮಾಡುತ್ತದೆ. ಬಾಗು ಕಡಿಮೆಯಾದರೆ ಕಾರು ಹೊರಡುವಾಗ ಗಡಗಡ ನಡುಗುತ್ತದೆ, ಹೆಚ್ಚಾದರೆ ಪೆಡಲ್ ಭಾರವಾಗಿ ಕೇಬಲ್ಲಿನ ಎಳೆಗಳು ಬೇಗ ಕಡಿಯುತ್ತವೆ. ನಮ್ಮದು ಬಹುತೇಕ ನೆಟ್ಟಗೇ ಇತ್ತು. ಗೇರ್‌ಬಾಕ್ಸಿನ ಬ್ರಾಕೆಟ್ಟಿಗೂ ಟ್ಯೂಬಿನ ತುದಿಗೂ ನಡುವೆ ವಾಷರ್‌ಗಳನ್ನು ಸೇರಿಸಿದಾಗ ಬೇಕಾದ ಬಾಗು ಬಂತು. ಅದಾದ ಮೇಲೆ ಪೆಡಲ್ ಪ್ಲೇಯನ್ನು ಮತ್ತೆ ಅಳೆದು ಹೊಂದಿಸಬೇಕಾಯಿತು.

ಇನ್ನು ಲಿಂಕೇಜ್. ಹಿಂದಿನ ಸೀಟಿನ ಕೆಳಗಿರುವ ಸಣ್ಣ ಮುಚ್ಚಳ ತೆಗೆದರೆ ಶಿಫ್ಟ್ ರಾಡನ್ನು ಗೇರ್‌ಬಾಕ್ಸಿಗೆ ಜೋಡಿಸುವ ಕಪ್ಲಿಂಗ್ ಕಾಣುತ್ತದೆ. ಅದರೊಳಗೆ ಮೆತ್ತೆಯಂತಿರುವ ಬುಷ್ ಪುಡಿಯಾಗಿದ್ದರೆ ಮುಂದೆ ಲಿವರನ್ನು ಹೊಂದಿಸುವುದು ವ್ಯರ್ಥ, ಬುಷ್ ಬದಲಿಸಿ ಸ್ಕ್ರೂವಿಗೆ ತಂತಿ ಕಟ್ಟಿದ ಮೇಲೆಯೇ ಮುಂದಿನ ಮಾತು. ನಮ್ಮ ಬುಷ್ ಗಟ್ಟಿಯಾಗಿಯೇ ಇತ್ತು. ಸ್ಥಾನ ತಪ್ಪಿದ್ದದ್ದು ಗೇರ್ ಲಿವರ್ ಬುಡದ ಸ್ಟಾಪ್ ಪ್ಲೇಟ್. 13 ನಂಬರ್ ಸ್ಪ್ಯಾನರಿನಿಂದ ಅದರ ಎರಡು ಬೋಲ್ಟ್ ಸಡಿಲಿಸಿ, ಎರಡನೇ ಗೇರಿನಲ್ಲಿಟ್ಟು, ಲಿವರ್ ಪಕ್ಕಕ್ಕೆ ವಾಲದೆ ನೇರ ನಿಲ್ಲುವಂತೆ ಪ್ಲೇಟನ್ನು ಕೂದಲೆಳೆಯಷ್ಟು ಸರಿಸಿ ಬಿಗಿದೆವು. ಪೂರ್ತಿ ಬಿಚ್ಚುವವರು ಪ್ಲೇಟ್ ಕೂತಿರುವ ದಿಕ್ಕಿಗೆ ಮೊದಲೇ ಗುರುತು ಹಾಕಿಕೊಳ್ಳಬೇಕು. ಲಿವರನ್ನು ಕೆಳಗೆ ಅದುಮದೆ ರಿವರ್ಸ್ ಬೀಳದಂತೆ ತಡೆಯುವುದು ಇದೇ ಪ್ಲೇಟ್, ಆದ್ದರಿಂದ ಬಿಗಿದ ಮೇಲೆ ಅದುಮದೆಯೇ ರಿವರ್ಸ್ ಹಾಕಲು ಯತ್ನಿಸಿ, ಅದು ಬೀಳುವುದಿಲ್ಲವೆಂದು ಖಾತ್ರಿ ಮಾಡಿಕೊಂಡೆವು.

ಪರೀಕ್ಷೆಗೆ ನಾಮದ ಚಿಲುಮೆಯ ದಾರಿ ಹಿಡಿದು ದೇವರಾಯನದುರ್ಗದ ಏರಿಗೆ ಹೋದೆವು. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಮಾತ್ರ ಏರುದನಿಯಲ್ಲಿ ಕೂಗಿ ಕಾರು ವೇಗ ಪಡೆಯದಿದ್ದರೆ ಕ್ಲಚ್ ಜಾರುತ್ತಿದೆ ಎಂದು ತಿಳಿಯಬೇಕು. ನಮ್ಮದು ಜಾರಲಿಲ್ಲ, ತಿರುವುಗಳಲ್ಲಿ ಎರಡನೇ ಗೇರ್ ತಕರಾರಿಲ್ಲದೆ ಬಿತ್ತು. ಹೊಸ ಕೇಬಲ್ ಹಾಕಿದವರು ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಪ್ಲೇಯನ್ನು ಇನ್ನೊಮ್ಮೆ ಅಳೆಯಬೇಕು. ನಮ್ಮದು ಹಳೆಯ ಕೇಬಲ್ಲೇ, ವಿಂಗ್ ನಟ್ ಮುಂದಕ್ಕೆ ತಿರುಗಲು ಅದರಲ್ಲಿ ಇನ್ನೂ ಮರೆ (ಥ್ರೆಡ್) ಉಳಿದಿದೆ.