ಆಫೀಸಿಗೆ ಇಂಟರ್‌ಕಾಂ ಹಾಕಿಸುವ ಮುಂಚೆ

ಕೇಳುಗರೆ, ನಮಸ್ಕಾರ.

ಶಿವಮೊಗ್ಗದ ಸುತ್ತಮುತ್ತ ಆಫೀಸು, ಅಂಗಡಿ, ಕ್ಲಿನಿಕ್ಕುಗಳಿಗೆ ಇಂಟರ್‌ಕಾಂ ಕೂರಿಸುವುದು ನನ್ನ ಕೆಲಸ. ಹೊರಗಿನ ಫೋನ್ ಲೈನನ್ನು ಒಳಗಿನ ಮೇಜುಗಳ ಫೋನಿಗೆಲ್ಲ ಹಂಚುವ ಡಬ್ಬಿ ಅದು, ಇಪಿಎಬಿಎಕ್ಸ್ ಅಂತ ಅದಕ್ಕೊಂದು ಉದ್ದನೆಯ ಹೆಸರಿದೆ. ಆ ಹೆಸರು ಬಿಲ್ಲಿನಲ್ಲಿ ಮಾತ್ರ ಇರುತ್ತದೆ. "ಸ್ವಲ್ಪ ಬನ್ನಿ ಮಾರಾಯ್ರೆ, ಇಂಟರ್‌ಕಾಂ ಡಬ್ಬಿ ಮಾತಾಡ್ತಾ ಇಲ್ಲ" ಅಂತಲೇ ಎಲ್ಲರೂ ಕರೆಯುವುದು.

ಎಲ್ಲರ ಜೇಬಲ್ಲೂ ಮೊಬೈಲ್ ಇರುವಾಗ ಈ ಡಬ್ಬಿ ಯಾಕೆ ಅಂತ ನೀವು ಕೇಳಬಹುದು. ಇಬ್ಬರೇ ಇರುವ ಆಫೀಸಾದರೆ ಬೇಡ, ನಾನೇ ಬೇಡ ಅನ್ನುತ್ತೇನೆ. ಐದಾರು ಜನ ಇರುವ ಕಡೆ ಕಥೆ ಬೇರೆ. ಅಲ್ಲಿ ಗಿರಾಕಿಗಳ ಹತ್ತಿರ ಇರುವುದು ನಿಮ್ಮ ಹುಡುಗನ ಮೊಬೈಲ್ ನಂಬರು. ಅವನು ಅಕ್ಕನ ಮದುವೆಗೆ ಹೋದರೆ ನಿಮ್ಮ ವ್ಯಾಪಾರವೂ ಮದುವೆಗೆ ಹೋಗುತ್ತದೆ, ಅವನು ಕೆಲಸ ಬಿಟ್ಟರೆ ಗಿರಾಕಿಯೂ ಅವನ ಹಿಂದೆಯೇ. ಬೋರ್ಡಿನ ಮೇಲೆ ಬರೆಸಿದ ನಂಬರು ಮಾತ್ರ ಎಲ್ಲೂ ಹೋಗುವುದಿಲ್ಲ.

ಕೆಲವು ವರ್ಷದ ಹಿಂದೆ ಒಂದು ಅಡಿಕೆ ಮಂಡಿಯಿಂದ ಕರೆ ಬಂತು. ಹೊರಗಿಂದ ಎರಡು ಲೈನು, ಒಳಗೆ ಎಂಟು ಎಕ್ಸ್‌ಟೆನ್ಷನ್, ಅಂದರೆ ಎಂಟು ಫೋನು, ಇರುವ ಡಬ್ಬಿ ಅಲ್ಲಿ ಆಗಲೇ ಇತ್ತು. "ರೈತರು ಫೋನ್ ಮಾಡಿದ್ರೆ ಬರೀ ಎಂಗೇಜ್ ಅಂತೆ, ದೊಡ್ಡ ಡಬ್ಬಿ ಹಾಕಿಬಿಡಿ" ಅಂದರು ಸಾಹುಕಾರರು. ಹದಿನಾರು ಎಕ್ಸ್‌ಟೆನ್ಷನ್ನಿನದು ಮಾರಿದ್ದರೆ ನನಗೂ ನಾಲ್ಕು ಕಾಸು ಸಿಗುತ್ತಿತ್ತು. ಆದರೆ ಮಂಡಿಯಲ್ಲಿ ಇರುವ ಎಂಟರಲ್ಲೇ ಮೂರು ಫೋನಿನ ಮೇಲೆ ಧೂಳು ಕೂತಿತ್ತು. ಗುಮಾಸ್ತರ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು, ನೋಟ್‌ಬುಕ್ ಹಿಡಿದು ಇಡೀ ದಿನ ಕೂತೆ. ಎಷ್ಟು ಹೊತ್ತಿಗೆ ಫೋನ್ ಬಂತು, ಏನು ಕೇಳಿದರು, ಯಾರು ಎತ್ತಿದರು, ಎಷ್ಟು ನಿಮಿಷ ಮಾತಾಡಿದರು, ಇಷ್ಟೇ ಬರೆದದ್ದು.

ಸಂಜೆ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಜನ ಕೇಳಿದ್ದು ಒಂದೇ ಮಾತು. "ಇವತ್ತು ರಾಶಿ ಎಷ್ಟಕ್ಕೆ ಹೋಯ್ತು?" ರಾಶಿ ಅಂದರೆ ಅಡಿಕೆಯ ಒಂದು ತರ. ಅದಾದ ಮೇಲೆ ಬೇರೆ ತರದ್ದು, ಬೆಟ್ಟೆ ಎಷ್ಟು, ಗೊರಬಲು ಎಷ್ಟು, ಮಳೆ ಹೇಗಿದೆ, ಹೆಣ್ಣುಮಕ್ಕಳು ಆರಾಮಾ. ಒಬ್ಬೊಬ್ಬರದು ನಾಲ್ಕು ನಿಮಿಷ. ಮಧ್ಯಾಹ್ನ ಎರಡು ಗಂಟೆಯೊಳಗೆ ಎರಡೂ ಲೈನ್ ತುಂಬಿ, ಲೋಡು ಕಳಿಸುವ ಲಾರಿಯವನಿಗೆ ಲೈನೇ ಸಿಗುತ್ತಿರಲಿಲ್ಲ. ಒಳಗೆ ಫೋನು ಎಷ್ಟಿದ್ದರೇನು, ಹೊರಗಿಂದ ಬರುವ ದಾರಿ ಎರಡೇ ಅಲ್ವಾ?

ಹಾಗಾಗಿ ಡಬ್ಬಿ ದೊಡ್ಡದು ಮಾಡಲಿಲ್ಲ. ಮೂರು ಲೈನ್, ಎಂಟು ಎಕ್ಸ್‌ಟೆನ್ಷನ್ನಿನದು, ಜೊತೆಗೆ ಧ್ವನಿ ರೆಕಾರ್ಡ್ ಮಾಡುವ ಕಾರ್ಡು. ದಿನಾ ಟೆಂಡರ್ ಮುಗಿದ ಮೇಲೆ ಗುಮಾಸ್ತರು ರೇಟು ಓದಿ ರೆಕಾರ್ಡ್ ಮಾಡುತ್ತಾರೆ, ರೈತರು ಒಂದು ಒತ್ತಿ ಕೇಳಿಕೊಳ್ಳುತ್ತಾರೆ. ಇಲ್ಲೊಂದು ಸೂಕ್ಷ್ಮ ಇದೆ. ರೆಕಾರ್ಡಿಂಗ್ ಓಡುವಾಗಲೂ ಲೈನು ಬಿಜಿಯೇ. ಮೊದಲ ದಿನ ಗುಮಾಸ್ತರು ಗಣಪತಿ ಸ್ತುತಿಯಿಂದ ಶುರು ಮಾಡಿ ಎರಡು ನಿಮಿಷ ಎಳೆದಿದ್ದರು. ಸ್ತುತಿ ಮನಸ್ಸಲ್ಲೇ ಮಾಡಿಕೊಳ್ಳಿ ಅಂತ ಕೈಮುಗಿದು ಕೇಳಿ ಇಪ್ಪತ್ತು ಸೆಕೆಂಡಿಗೆ ಇಳಿಸಿದೆ.

ನೀವೂ ಡಬ್ಬಿ ತರುವ ಮುಂಚೆ ಒಂದು ದಿನ, ಆದರೆ ವಾರದಲ್ಲಿ ಜಾಸ್ತಿ ಗಲಾಟೆ ಇರುವ ದಿನ, ಹೀಗೆ ಬರೆದಿಡಿ. ಆ ಹಾಳೆ ನನ್ನಂಥವರಿಗೆ ತೋರಿಸಿ. ಹಾಳೆ ನೋಡದೆ ರೇಟು ಹೇಳುವವನನ್ನು ಚಹಾ ಕೊಟ್ಟು ಕಳಿಸಿಬಿಡಿ.

ಈಗ ಲೈನಿನ ವಿಷಯ. ಮೊದಲು ತಾಮ್ರದ ತಂತಿಯಲ್ಲಿ ಲ್ಯಾಂಡ್‌ಲೈನ್ ಬರುತ್ತಿತ್ತು. ಈಗ ಹೆಚ್ಚಿನ ಕಡೆ ಫೈಬರ್. ಗೋಡೆ ಮೇಲೆ ಕೂರಿಸಿ ಹೋಗುವ ಫೈಬರ್ ಮೋಡೆಮ್ಮಿನ ಹಿಂದೆ ಒಂದು ಚಿಕ್ಕ ಫೋನಿನ ಸಾಕೆಟ್ ಇರುತ್ತದೆ, ಅಲ್ಲಿಂದ ವಯರ್ ಎಳೆದು ಡಬ್ಬಿಯಲ್ಲಿ ಹೊರಗಿನ ಲೈನು ಸೇರುವ ಜಾಗಕ್ಕೆ, ಅಂದರೆ ಟ್ರಂಕ್ ಲೈನಿಗೆ, ಕೊಟ್ಟರೆ ಆಯಿತು. ಹಳೇ ಡಬ್ಬಿಯೂ ನಡೆಯುತ್ತದೆ, ಎಸೆಯಬೇಡಿ.

ಆದರೆ ಒಂದು ವಿಷಯದಲ್ಲಿ ಜನ ಮೋಸ ಹೋಗುತ್ತಾರೆ. ಹಳೇ ತಾಮ್ರದ ಲೈನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ 48 ವೋಲ್ಟ್ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಮನೆಯ ಫೋನು ಟ್ರಿಣ್ ಅನ್ನುತ್ತಿದ್ದದ್ದು ಅದಕ್ಕೇ. ಫೈಬರಿನಲ್ಲಿ ಬರುವುದು ಬೆಳಕು. ಕರೆಂಟು ನಿಮ್ಮದೇ. ಆಫೀಸಿನಲ್ಲಿ ಕಂಪ್ಯೂಟರಿಗೆ ಯುಪಿಎಸ್ ಇರುತ್ತದೆ, ಡಬ್ಬಿಗೂ ಇರುತ್ತದೆ, ಮೂಲೆಯಲ್ಲಿ ನೇತಾಡುವ ಆ ಮೋಡೆಮ್ಮಿಗೆ ಮಾತ್ರ ಇರುವುದಿಲ್ಲ. ಜುಲೈ ತಿಂಗಳ ಮಳೆಗೆ ಕರೆಂಟು ಹೋದರೆ ಒಳಗಿನ ಇಂಟರ್‌ಕಾಂ ಚೆನ್ನಾಗಿ ಮಾತಾಡುತ್ತಿರುತ್ತದೆ, ಹೊರಗಿನವರಿಗೆ ನೀವು ಸತ್ತಂತೆ. ಕೆಲಸ ಮುಗಿದ ದಿನವೇ ಮೇನ್ ಸ್ವಿಚ್ ಇಳಿಸಿ, ನಿಮ್ಮ ಮೊಬೈಲಿಂದ ಆಫೀಸಿಗೆ ಫೋನ್ ಮಾಡಿ ನೋಡಿ. ರಿಂಗ್ ಆಗದಿದ್ದರೆ ನನ್ನಂಥವನಿಗೆ ದುಡ್ಡು ಕೊಡಬೇಡಿ.

ಲ್ಯಾಂಡ್‌ಲೈನೇ ಬಾರದ ಊರುಗಳಲ್ಲಿ ಸಿಮ್ ಹಾಕುವ ಡಬ್ಬಿ ಸಿಗುತ್ತದೆ, ಅದೇ ಒಂದು ಲೈನಿನ ಹಾಗೆ ಕೆಲಸ ಮಾಡುತ್ತದೆ. ಅದನ್ನು ಕಿಟಕಿ ಹತ್ತಿರ ಇಡಿ, ಇಂಟರ್‌ಕಾಂ ಡಬ್ಬಿಗೆ ಅಂಟಿಸಿ ಇಡಬೇಡಿ. ಇಟ್ಟರೆ ಮಾತಿನ ನಡುವೆ ಟರ್ ಟರ್ ಅಂತ ಸದ್ದು ಬರುತ್ತದೆ.

ಸಿಡಿಲಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಇದರಲ್ಲಿ ತಪ್ಪು ನನ್ನದೇ. ಹೊಸದಾಗಿ ಕೆಲಸ ಶುರು ಮಾಡಿದಾಗ ಒಂದು ಕಡೆ ಆಫೀಸಿಂದ ಗೋಡೌನಿಗೆ ತೋಟದ ಮೇಲೇ ವಯರ್ ಎಳೆದಿದ್ದೆ. ಅಡಿಕೆ ಮರಕ್ಕೆ ಕಟ್ಟಿ, ನೀಟಾಗಿ. ಏಪ್ರಿಲಿನ ಮೊದಲ ಗುಡುಗಿಗೆ ಗೋಡೌನಿನ ಫೋನೂ ಹೋಯಿತು, ಡಬ್ಬಿಯೂ ಹೋಯಿತು. ತೆಗೆದು ನೋಡಿದರೆ ಒಳಗಿನ ಬೋರ್ಡು ಒಗ್ಗರಣೆ ಸೌಟಿನ ಹಾಗೆ ಕಪ್ಪಾಗಿತ್ತು. ಅವತ್ತಿಂದ ಕಟ್ಟಡದಿಂದ ಹೊರಗೆ ಹೋಗುವ ಎಲ್ಲ ವಯರನ್ನೂ ಪೈಪಿನಲ್ಲಿ ಹಾಕಿ ನೆಲದೊಳಗೇ ಒಯ್ಯುತ್ತೇನೆ, ಎರಡೂ ತುದಿಗೆ ಸಿಡಿಲು ತಡೆಯುವ ಪುಟ್ಟ ಅರೆಸ್ಟರ್ ಹಾಕುತ್ತೇನೆ. ಆ ಅರೆಸ್ಟರಿಗೆ ಒಳ್ಳೆಯ ಅರ್ಥಿಂಗ್ ಇಲ್ಲದಿದ್ದರೆ ಅದು ಸುಮ್ನೆ ಅಲಂಕಾರ. ಹೊರಗೆ ನೆಟ್ಟ ಅರ್ಥ್ ಪಿಟ್ಟಿಗೆ ಬೇಸಿಗೆಯಲ್ಲಿ ನೀರು ಹಾಕಬೇಕು, ಇದನ್ನು ಆಫೀಸಿನಲ್ಲಿ ಯಾರೂ ಮಾಡುವುದಿಲ್ಲ, ತುಳಸಿಗೆ ನೀರು ಹಾಕುವವರಿಗೇ ಹೇಳಿಬಿಡಿ. ಫೈಬರಿನಲ್ಲಿ ಸಿಡಿಲು ಬರುವುದಿಲ್ಲ ಅನ್ನುವುದು ನಿಜ. ಆದರೆ ಮೋಡೆಮ್ಮಿನ ಅಡಾಪ್ಟರ್ ಚುಚ್ಚಿರುವುದು ಕರೆಂಟಿನ ಪ್ಲಗ್ಗಿಗೆ. ಅಲ್ಲಿಂದ ಬರಬಹುದಲ್ಲ!

ಡಬ್ಬಿ ಎಲ್ಲಿಡಬೇಕು? ಎಸಿ ಏನೂ ಬೇಕಿಲ್ಲ. 1986ರಲ್ಲಿ ಸಿ-ಡಾಟ್ ಅನ್ನುವ ಸರ್ಕಾರಿ ಟೆಲಿಫೋನ್ ಸಂಶೋಧನಾ ಸಂಸ್ಥೆಯವರ 128 ಲೈನಿನ ಹಳ್ಳಿ ಎಕ್ಸ್‌ಚೇಂಜು ಮೊದಲು ಕೂತದ್ದು ನಮ್ಮ ಕಿತ್ತೂರಿನಲ್ಲಿ, ಎಸಿ ಇಲ್ಲದೆ ಧೂಳು ಸೆಖೆಯಲ್ಲೂ ನಡೆಯಲಿ ಅಂತಲೇ ಅದನ್ನು ಮಾಡಿದ್ದು. ನಿಮ್ಮ ಡಬ್ಬಿ ಅದರ ಮೊಮ್ಮಗು ಅಂದುಕೊಳ್ಳಿ. ಬೇಡವಾದದ್ದು ಒಂದೇ, ದೇವರ ಫೋಟೋದ ಕೆಳಗೆ ಇಡಬೇಡಿ. ಊದಿನಕಡ್ಡಿಯ ಬೂದಿ ಒಳಗೆ ಹೋಗುತ್ತದೆ, ಪ್ರಸಾದಕ್ಕೆ ಇರುವೆ ಬರುತ್ತದೆ, ಇರುವೆಗೆ ಹಲ್ಲಿ ಬರುತ್ತದೆ. ಹಲ್ಲಿ ಮೊಟ್ಟೆ ಇಟ್ಟ ಡಬ್ಬಿಗಳನ್ನು ನಾನು ಎಷ್ಟೋ ತೆಗೆದಿದ್ದೇನೆ.

ವಯರಿಂಗ್ ಹೊಸದಾಗಿ ಮಾಡಿಸುವುದಾದರೆ ಫೋನಿನ ತೆಳು ವಯರ್ ಬೇಡ, ಕಂಪ್ಯೂಟರಿಗೆ ಹಾಕುವ ಕ್ಯಾಟ್ 6 ಕೇಬಲನ್ನೇ ಎಳೆಸಿ. ಅದರಲ್ಲಿ ನಾಲ್ಕು ಜೋಡಿ ತಂತಿ ಇರುತ್ತದೆ, ಸಾದಾ ಫೋನಿಗೆ ಒಂದು ಜೋಡಿ ಸಾಕು. ನಾಳೆ ಐಪಿ ಫೋನಿಗೆ, ಅಂದರೆ ಇಂಟರ್‌ನೆಟ್ ಕೇಬಲಿನಲ್ಲೇ ಮಾತಾಡುವ ಫೋನಿಗೆ, ಹೋಗಬೇಕು ಅನ್ನಿಸಿದರೆ ಗೋಡೆ ಒಡೆಯುವುದು ತಪ್ಪುತ್ತದೆ. ಎರಡೂ ತುದಿಗೆ ಹೆಸರು ಬರೆದ ಚೀಟಿ ಅಂಟಿಸಲು ಹೇಳಿ. ಇದು ಎರಡು ನಿಮಿಷದ ಕೆಲಸ. ಅಂಟಿಸದಿದ್ದರೆ ಮುಂದೆ ಬಂದವನು ಅರ್ಧ ದಿನ ಹುಡುಕುತ್ತಾನೆ, ಅರ್ಧ ದಿನದ ಕೂಲಿ ನಿಮ್ಮದು.

ಇನ್ನು ನಂಬರ್ ಕೊಡುವುದು. ಎಕ್ಸ್‌ಟೆನ್ಷನ್ ನಂಬರುಗಳನ್ನು ಒಂದರಿಂದ ಶುರು ಮಾಡಿಸಬೇಡಿ. ಒಂದು ಆಫೀಸಿನಲ್ಲಿ 101, 102 ಅಂತ ಇಟ್ಟಿದ್ದರು. ಒಂದು ದಿನ ಸ್ಟೋರ್ ರೂಮಿನಲ್ಲಿ ಹೊಗೆ ಕಾಣಿಸಿ ಹುಡುಗ ಗಾಬರಿಯಲ್ಲಿ 101 ಒತ್ತಿದರೆ, ಫೈರ್ ಸ್ಟೇಷನ್ ಬದಲು ಪಕ್ಕದ ರೂಮಿನ ಮ್ಯಾನೇಜರ್ ಫೋನ್ ರಿಂಗ್ ಆಯಿತು. ಪುಣ್ಯಕ್ಕೆ ಸುಟ್ಟದ್ದು ಒಂದು ಗೋಣಿಚೀಲ ಮಾತ್ರ. ಆಂಬುಲೆನ್ಸಿನ 108, ಎಲ್ಲ ತುರ್ತಿಗೂ ಒಂದೇ ಆದ 112, ಎಲ್ಲವೂ ಒಂದರಿಂದಲೇ ಶುರು. ಆದ್ದರಿಂದ ನಿಮ್ಮದು 21ರಿಂದಲೋ 201ರಿಂದಲೋ ಇರಲಿ. ಹೊರಗಿನ ಲೈನಿಗೆ ಮೊದಲು ಸೊನ್ನೆಯೋ ಒಂಬತ್ತೋ ಒತ್ತುವ ಡಬ್ಬಿಯಾದರೂ, 112ಕ್ಕೆ ಅದು ಬೇಡ ಅಂತ ಪ್ರೋಗ್ರಾಂ ಮಾಡಲು ಬರುತ್ತದಾ ಕೇಳಿ. ಬರದಿದ್ದರೆ ಪ್ರತಿ ಫೋನಿಗೂ ಹೇಗೆ ಒತ್ತಬೇಕು ಅಂತ ಸ್ಟಿಕ್ಕರ್ ಅಂಟಿಸಿ.

ಸೊನ್ನೆ ಅಂದಾಗ ನೆನಪಾಯಿತು. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿಂದ ಮೊಬೈಲಿಗೆ ಮಾಡುವಾಗ ಮುಂದೆ ಸೊನ್ನೆ ಸೇರಿಸಬೇಕು ಅಂತಾಯಿತು. ಆ ವಾರ ನನಗೆ ಊಟಕ್ಕೆ ಪುರುಸೊತ್ತು ಇರಲಿಲ್ಲ. ಯಾಕೆ ಅಂದರೆ, ಎಸ್‌ಟಿಡಿ ಬಿಲ್ ಬರಬಾರದು ಅಂತ ಹಳೇ ಡಬ್ಬಿಗಳಲ್ಲಿ ನಾವು ಸೊನ್ನೆಯನ್ನೇ ಲಾಕ್ ಮಾಡಿದ್ದೆವು! ಮೊಬೈಲಿಗೆ ಮಾತ್ರ ಬಿಡೋಣ ಅಂದರೆ ನಮ್ಮ ಕರ್ನಾಟಕದವರಿಗೆ ಇನ್ನೊಂದು ತಲೆನೋವು. ಎಂಟರಿಂದ ಶುರುವಾಗುವ ಮೊಬೈಲಿಗೂ 08, ಬೆಂಗಳೂರಿನ 080, ಹುಬ್ಬಳ್ಳಿಯ 0836, ನಮ್ಮ 08182, ಎಲ್ಲಕ್ಕೂ 08. ಡಬ್ಬಿಗೆ ಹೇಗೆ ಗೊತ್ತಾಗಬೇಕು ಪಾಪ. ಈಗಿನ ಹೆಚ್ಚಿನ ಪ್ಲಾನುಗಳಲ್ಲಿ ದೇಶದೊಳಗೆ ಎಲ್ಲಿಗೆ ಮಾಡಿದರೂ ಬೇರೆ ದುಡ್ಡಿಲ್ಲ. ಆ ಲಾಕ್ ತೆಗೆಸಿಬಿಡಿ. ಐಎಸ್‌ಡಿಯ ಎರಡು ಸೊನ್ನೆ ಮಾತ್ರ ಲಾಕ್ ಇರಲಿ.

ಫೋನ್ ವರ್ಗಾಯಿಸುವಾಗ ಕಟ್ ಆಗುತ್ತದೆ ಅನ್ನುವುದು ನನಗೆ ಬರುವ ದೊಡ್ಡ ದೂರು. ಹತ್ತರಲ್ಲಿ ಎಂಟು ಸಲ ಡಬ್ಬಿಯ ತಪ್ಪಲ್ಲ. ಫೋನಿನ ಮೇಲೆ ಫ್ಲ್ಯಾಶ್ ಅಂತ ಒಂದು ಬಟನ್ ಇರುತ್ತದೆ. ಒತ್ತಿದಾಗ ಅದು ಲೈನನ್ನು ಕಣ್ಣು ಮಿಟುಕಿಸಿದಷ್ಟು ಹೊತ್ತು ಕಡಿಯುತ್ತದೆ, ಕೆಲವು ಫೋನಿನಲ್ಲಿ 100 ಮಿಲಿಸೆಕೆಂಡ್, ಕೆಲವದರಲ್ಲಿ 600. ಫೋನು ಒಂದು ಲೆಕ್ಕದಲ್ಲಿ, ಡಬ್ಬಿ ಇನ್ನೊಂದು ಲೆಕ್ಕದಲ್ಲಿ ಇದ್ದರೆ ಗಿರಾಕಿ ಹೋದ ಅಂತಲೇ. ಹಾಗಾಗಿ ಎಲ್ಲ ಮೇಜಿಗೂ ಒಂದೇ ಮಾಡೆಲ್ ಫೋನ್ ತನ್ನಿ. ಫೋನಿನ ಅಡಿಯಲ್ಲಿ ಟೋನ್, ಪಲ್ಸ್ ಅಂತ ಪುಟ್ಟ ಸ್ವಿಚ್ ಇದ್ದರೆ ಟೋನ್ ಕಡೆ ಇದೆಯಾ ನೋಡಿ. ಪಲ್ಸ್ ಕಡೆ ಇದ್ದರೆ ಬ್ಯಾಂಕಿನವರ ಒಂದು ಒತ್ತಿ, ಎರಡು ಒತ್ತಿಗೆ ನೀವು ಎಷ್ಟು ಒತ್ತಿದರೂ ಅವರಿಗೆ ಕೇಳಿಸುವುದಿಲ್ಲ.

ವರ್ಗಾಯಿಸುವ ಮುಂಚೆ ಆ ಕಡೆಯವರು ಸೀಟಿನಲ್ಲಿ ಇದ್ದಾರಾ ಕೇಳಿ, "ತೀರ್ಥಹಳ್ಳಿಯಿಂದ ಮಾತಾಡ್ತಿದ್ದಾರೆ, ಚೆಕ್ ವಿಷಯ" ಅಂತ ಒಂದು ಮಾತು ಹೇಳಿ ಆಮೇಲೆ ರಿಸೀವರ್ ಇಡಿ. ಇಲ್ಲದಿದ್ದರೆ ಪಾಪ ಆ ಮನುಷ್ಯ ತನ್ನ ಕಥೆಯನ್ನು ಮೂರು ಜನರಿಗೆ ಮೊದಲಿಂದ ಹೇಳಬೇಕು.

ಐಪಿ ಫೋನಿನ ಬಗ್ಗೆ ಕೇಳುವವರು ಈಗ ಜಾಸ್ತಿ. ಎರಡು ಮೂರು ಊರಲ್ಲಿ ಬ್ರಾಂಚ್ ಇದ್ದರೆ ಒಳ್ಳೆಯದೇ, ಒಂದೇ ಮಹಡಿಯ ಆಫೀಸಿಗೆ ನನ್ನ ಮಟ್ಟಿಗೆ ಅವಸರ ಇಲ್ಲ. ಒಂದು ಮಾತಿಗೆ ಆ ಕಡೆ ಈ ಕಡೆ ಸುಮಾರು 100 ಕೆಬಿಪಿಎಸ್ ಇಂಟರ್‌ನೆಟ್ ವೇಗ ಬೇಕು, ಅದೇನೂ ದೊಡ್ಡದಲ್ಲ. ಯಾರೋ ದೊಡ್ಡ ಫೈಲ್ ಅಪ್‌ಲೋಡ್ ಮಾಡುವಾಗಲೇ ದನಿ ಒಡೆಯುವುದು, ಅದಕ್ಕೆ ರೂಟರಿನಲ್ಲಿ ಫೋನಿಗೆ ಮೊದಲ ದಾರಿ ಕೊಡಿ ಅಂತ ಹೇಳಬೇಕು. ಅದಕ್ಕಿಂತ ಮುಖ್ಯ, ಡಬ್ಬಿಯ ಜೊತೆ ಬಂದ ಪಾಸ್‌ವರ್ಡನ್ನು ಅವತ್ತೇ ಬದಲಿಸಿ. ಇಂಥ ಡಬ್ಬಿ ಎಲ್ಲಿ ಸಿಗುತ್ತದೆ ಅಂತ ಇಂಟರ್‌ನೆಟ್ಟಿನಲ್ಲಿ ಹಗಲೂ ರಾತ್ರಿ ತಡಕುವ ಕಳ್ಳರಿದ್ದಾರೆ, ಸಿಕ್ಕರೆ ನಿಮ್ಮ ಲೈನಿಂದ ಪರದೇಶಕ್ಕೆ ಮಾತಾಡುತ್ತಾರೆ, ಬಿಲ್ಲು ನಿಮಗೆ. ಆ ಹೊಸ ಪಾಸ್‌ವರ್ಡನ್ನು ಮೆಕ್ಯಾನಿಕ್ ಒಬ್ಬನ ತಲೆಯಲ್ಲಿ ಬಿಡಬೇಡಿ, ಬರೆಸಿಕೊಂಡು ಬೀರುವಿನಲ್ಲಿ ಇಡಿ. ಮೆಕ್ಯಾನಿಕ್ಕಿಗೂ ವಯಸ್ಸಾಗುತ್ತದೆ ಸ್ವಾಮಿ.

ಕೊನೆಗೆ, ಫೋನ್ ಮಾಡಿದವರಿಗೆ ಮೊದಲು ಕೇಳಿಸುವ ರೆಕಾರ್ಡಿಂಗ್. ಮೊದಲು ಕನ್ನಡದಲ್ಲಿ ಇರಲಿ, ನಿಮ್ಮ ಆಫೀಸಿನವರ ದನಿಯಲ್ಲೇ ಇರಲಿ. ಸುಮ್ನೆ ಹೆಸರು ಹೇಳಿ, ಮೂರಕ್ಕಿಂತ ಜಾಸ್ತಿ ಆಯ್ಕೆ ಕೊಡಬೇಡಿ, ಏನೂ ಒತ್ತದೆ ಸುಮ್ಮನಿದ್ದವರಿಗೆ ಮನುಷ್ಯರೇ ಎತ್ತುವ ಹಾಗೆ ಮಾಡಿಸಿ, ವಯಸ್ಸಾದವರು ಬಹಳಷ್ಟು ಜನ ಏನೂ ಒತ್ತುವುದಿಲ್ಲ. ತಿಂಗಳಿಗೊಂದು ಸಲ ಹೊರಗಿಂದ ನಿಮ್ಮ ಆಫೀಸಿಗೆ ನೀವೇ ಫೋನ್ ಮಾಡಿ ಕೇಳಿ. ಈ ಮಾತನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಮೊನ್ನೆ ಈ ಭಾಷಣ ಬರೆಯುವಾಗ ನೆನಪಾಗಿ ನನ್ನ ಅಂಗಡಿಗೇ ಮಾಡಿ ನೋಡಿದೆ. "ದೀಪಾವಳಿ ಪ್ರಯುಕ್ತ ಅಂಗಡಿಗೆ ಮೂರು ದಿನ ರಜೆ ಇರುತ್ತದೆ" ಅಂತ ನನ್ನದೇ ದನಿ ಹೇಳಿತು. ಆಗ ಮಾವಿನ ಮಿಡಿ ಉಪ್ಪಿನಕಾಯಿ ಹಾಕುವ ಕಾಲ.

ನಮಸ್ಕಾರ.