ಮೂರನೇ ಸಲ ಬಂದ ಸ್ಥಾನ ಯಾರ ಪಾಲಿಗೆ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಎಂಜಿನ್‌ಗಳ, ಅಂದರೆ ಚೆಸ್ ಆಡುವ ಪ್ರೋಗ್ರಾಂಗಳ, ಚೆಸ್ ಪಂದ್ಯಾವಳಿ ನಡೆಸುವ ಉತ್ಸಾಹ ನಿಮ್ಮಲ್ಲಿದೆ. ಜಗಳ ಹುಟ್ಟುವ ಜಾಗಗಳನ್ನು ಮೊದಲೇ ನೋಡಿಕೊಳ್ಳೋಣ.

2003, ಆಸ್ಟ್ರಿಯಾದ ಗ್ರಾಜ್, ವಿಶ್ವ ಕಂಪ್ಯೂಟರ್ ಚೆಸ್ ಚಾಂಪಿಯನ್‌ಷಿಪ್. ಜಾನಿ ಎಂಬ ಪ್ರೋಗ್ರಾಂ ವಿರುದ್ಧ ಶ್ರೆಡರ್ ಎಂಬ ಪ್ರೋಗ್ರಾಂ ಗೆಲ್ಲುವ ಹಾದಿಯಲ್ಲಿತ್ತು. ಶ್ರೆಡರ್‌ನದೇ ಒಂದು ದೋಷದಿಂದ ಒಂದೇ ಸ್ಥಾನ, ಅಂದರೆ ಹಲಗೆಯ ಮೇಲೆ ಕಾಯಿಗಳ ಅದೇ ಜೋಡಣೆ, ಮೂರು ಸಲ ಬಂತು; ಹಾಗಾದಾಗ ಡ್ರಾ ಕೇಳಬಹುದು. ಪರದೆ ಅದನ್ನು ತೋರಿಸಿತು. ಜಾನಿಯ ಆಪರೇಟರ್ (ಪ್ರೋಗ್ರಾಂ ಪರವಾಗಿ ಕೂತು ನಡೆ ಇಡುವವರು) ಮಾತ್ರ ಡ್ರಾ ಕೇಳಲಿಲ್ಲ. ಎದುರಾಳಿಯ ಎಡವಟ್ಟಿನಿಂದ ಅರ್ಧ ಅಂಕ ಪಡೆಯಲು ಅವರಿಗೆ ಮನಸ್ಸಾಗಲಿಲ್ಲ. ಶ್ರೆಡರ್ ಗೆದ್ದಿತು. ಕೊನೆಗೆ ಶ್ರೆಡರ್ ಮತ್ತು ಫ್ರಿಟ್ಜ್ ಎಂಬ ಇನ್ನೊಂದು ಪ್ರೋಗ್ರಾಂ, ಎರಡಕ್ಕೂ 11 ಸುತ್ತಿನಲ್ಲಿ 9.5 ಅಂಕ, ಪ್ಲೇಆಫ್‌ನಲ್ಲಿ ಪಟ್ಟ ಶ್ರೆಡರ್‌ಗೆ. ಆ ಆಟ ಡ್ರಾ ಆಗಿದ್ದರೆ ಪ್ಲೇಆಫೇ ಬೇಕಿರಲಿಲ್ಲ, ಪಟ್ಟ ಫ್ರಿಟ್ಜ್‌ನದು. ಆಕ್ಷೇಪಣೆ ಬಂದರೂ ಫಲಿತಾಂಶ ಬದಲಾಗಲಿಲ್ಲ.

ದೊಡ್ಡ ಮನಸ್ಸೇ, ಒಪ್ಪೋಣ. ಆದರೆ ದಾನ ಹೋದದ್ದು ಫ್ರಿಟ್ಜ್‌ನ ಜೇಬಿನಿಂದ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ಆಡುವುದು ಪ್ರೋಗ್ರಾಂ; ಔದಾರ್ಯ ತೋರುವ ಹಕ್ಕು ಆಪರೇಟರ್‌ಗೆ ಇರಬಾರದು ಎಂಬುದು ನನ್ನ ಅಭಿಪ್ರಾಯ.

ವಿಶ್ವ ಚೆಸ್ ಒಕ್ಕೂಟವಾದ ಫಿಡೆಯ ನಿಯಮದಲ್ಲಿ ಮೂರು ಸಲದ ಡ್ರಾವನ್ನು ಆಟಗಾರ ಕೇಳಿ ಪಡೆಯಬೇಕು; ಐದು ಸಲವಾದರೆ ಕೇಳದೆಯೂ ಆಟ ಮುಗಿದಂತೆ. ಯುಸಿಐ (ಎಂಜಿನ್ ಮತ್ತು ಪಂದ್ಯ ನಡೆಸುವ ಸಾಫ್ಟ್‌ವೇರ್ ನಡುವಿನ ಸಂಕೇತಭಾಷೆ) ಬಳಸುವ ಎಂಜಿನ್‌ಗೆ 'ಡ್ರಾ ಕೊಡಿ' ಎನ್ನಲು ಆಜ್ಞೆಯೇ ಇಲ್ಲ. ಹಾಗಾಗಿ ಎಣಿಕೆ, ಘೋಷಣೆ ಎರಡನ್ನೂ ಪಂದ್ಯ ನಡೆಸುವ ಸಾಫ್ಟ್‌ವೇರ್‌ಗೆ ಬಿಡಿ, ಅದನ್ನು ನಿಯಮದಲ್ಲೇ ಬರೆಯಿರಿ.

ಇನ್ನೊಂದು ತೊಡಕು ಇದೆ. ಎಂಜಿನ್‌ಗೆ ಪ್ರತಿ ನಡೆಗೂ ಫೆನ್ (ಆ ಕ್ಷಣದ ಸ್ಥಾನವನ್ನು ಒಂದೇ ಸಾಲಿನಲ್ಲಿ ಬರೆಯುವ ವಿಧಾನ) ಮಾತ್ರ ಕಳಿಸಿದರೆ ಅದಕ್ಕೆ ಹಿಂದಿನ ಸ್ಥಾನಗಳು ತಿಳಿಯುವುದಿಲ್ಲ. ಫೆನ್‌ನ ಆರು ಭಾಗಗಳಲ್ಲಿ ಐವತ್ತು ನಡೆಯ ಡ್ರಾ ನಿಯಮಕ್ಕೆ ಬೇಕಾದ ಎಣಿಕೆ ಇದೆ, ಪುನರಾವರ್ತನೆಯದಿಲ್ಲ. ಗೆಲ್ಲುತ್ತಿರುವ ಎಂಜಿನ್ ಗೊತ್ತಿಲ್ಲದೆ ಅದೇ ಸ್ಥಾನಕ್ಕೆ ಮರಳುವುದು ಹೀಗೂ ಆಗುತ್ತದೆ. ಆರಂಭದಿಂದ ಎಲ್ಲ ನಡೆಗಳನ್ನೂ ಕಳಿಸಬೇಕು. ಕಾಯಿಗಳು ಅಲ್ಲಲ್ಲೇ ಕಂಡರೂ ಕ್ಯಾಸ್ಲಿಂಗ್ (ರಾಜ, ಆನೆ ಒಂದೇ ನಡೆಯಲ್ಲಿ ಸರಿಯುವುದು) ಹಕ್ಕು ಬದಲಾಗಿದ್ದರೆ ಅದು ಬೇರೆ ಸ್ಥಾನ ಎಂಬುದೂ ನೆನಪಿರಲಿ. 'ಕಣ್ಣಾರೆ ನೋಡಿದೆ' ಎಂಬ ವಾದ ನಿಲ್ಲುವುದಿಲ್ಲ.

ಇನ್ನು ಗಡಿಯಾರ. ಕೈಯಿಂದ ನಡೆ ಟೈಪ್ ಮಾಡುವಲ್ಲಿ ಪ್ರತಿ ನಡೆಗೆ 5 ಸೆಕೆಂಡ್ ಹೋದರೆ 60 ನಡೆಗೆ 5 ನಿಮಿಷ. ಆ ನಷ್ಟ ಎಂಜಿನ್‌ಗೆ ಗೊತ್ತಿರಬೇಕು. ಸ್ಟಾಕ್‌ಫಿಷ್ ಎಂಬ ಎಂಜಿನ್‌ನಲ್ಲಿ ಇದಕ್ಕೆ 'ಮೂವ್ ಓವರ್‌ಹೆಡ್' ಎಂಬ ಆಯ್ಕೆ ಇದೆ, ಲೆಕ್ಕ ಮಿಲಿಸೆಕೆಂಡಿನಲ್ಲಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ಲ್ಯಾಪ್‌ಟಾಪ್ ಕಾದರೆ ಪ್ರೊಸೆಸರ್ ತಾನೇ ವೇಗ ಇಳಿಸುತ್ತದೆ. ಕರೆಂಟ್ ಹೋಗಿ ಬ್ಯಾಟರಿಗೆ ಬಂದಾಗಲೂ ಹಲವು ಯಂತ್ರಗಳದು ಇದೇ ಕಥೆ. ಸೋತವರು ದೂರುವುದು ಸಹಜ. ಯುಪಿಎಸ್ ಇಡಿ, ಒಂದೇ ಮಾದರಿಯ ಯಂತ್ರ ಕೊಡಿ. ಸಭಾಂಗಣದ ಕರೆಂಟ್ ಹೋದರೆ ಎರಡೂ ಗಡಿಯಾರ ನಿಲ್ಲಲಿ. ಪ್ರೋಗ್ರಾಂ ತಾನೇ ಕುಸಿದರೆ ಅದರ ಗಡಿಯಾರ ಓಡುತ್ತಿರಲಿ.

ನಕಲಿನ ವಿಷಯ ಒಂದೇ ಮಾತಿನಲ್ಲಿ: 2007ರಿಂದ 2010ರವರೆಗೆ ರಿಬ್ಕಾ ಎಂಬ ಎಂಜಿನ್ ಗೆದ್ದ ನಾಲ್ಕು ವಿಶ್ವ ಪಟ್ಟಗಳನ್ನು, ಬೇರೆಯವರ ಕೋಡ್ ಬಳಸಿದೆ ಎಂದು ಆ ಚಾಂಪಿಯನ್‌ಷಿಪ್ ನಡೆಸುವ ಸಂಸ್ಥೆ ಐಸಿಜಿಎ 2011ರಲ್ಲಿ ಕಿತ್ತುಕೊಂಡಿತು. ಪಟ್ಟ ಕೊಟ್ಟು ವರ್ಷಗಳ ಮೇಲೆ! ಸೋರ್ಸ್ ಕೋಡನ್ನು ಮೊದಲ ಸುತ್ತಿಗೆ ಮುಂಚೆಯೇ ಆರ್ಬಿಟರ್ (ತೀರ್ಪುಗಾರ) ಬಳಿ ಮುಚ್ಚಿದ ಕವರಿನಲ್ಲಿ ಪೆನ್‌ಡ್ರೈವ್‌ನಲ್ಲಿ ಇರಿಸಿ, ಮೇಲೆ ಇಬ್ಬರ ಸಹಿ ಹಾಕಿಸಿ.