ರ‍್ಯಾಮ್ ಅಲ್ರೀ, ಡ್ರೈವರ್!

ನಮಸ್ಕಾರ್ರೀ, ವಿಜಯಪುರದಿಂದ. ಹೋದ ವಿಡಿಯೋದ ಕೆಳಗ ಒಬ್ಬರು ಬರದಾರ: "ಹಾಡಿದ್ರ ನನ್ನ ದನಿ ಹೆಡ್‌ಫೋನ್‌ದಾಗ ತಡಾ ಆಗಿ ಕೇಳ್ತದ. ರ‍್ಯಾಮ್ 16 ಜಿಬಿ ಹಾಕಿಸಿದೆ, ಆದ್ರೂ ಹಂಗ ಅದ." ಅಲ್ರೀ ಯಪ್ಪಾ, ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದಂಗಾತು! ದನಿ ಹೊಳ್ಳಿ ಹೊಳ್ಳಿ ಬರಬೇಕಂದ್ರ ಗೋಳಗುಮ್ಮಟಕ್ಕ ಟಿಕೆಟ್ ತಗೋರಿ.

ಡ್ರೈವರ್ ಬದಲಿಸ್ರಿ, ಅಂದ್ರ ಸೌಂಡ್ ಕಾರ್ಡ್ ಜೋಡಿ ಕಂಪ್ಯೂಟರ್ ಮಾತಾಡೋ ಸಾಫ್ಟ್‌ವೇರ್. ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್‌ದಾಗ ಆಪ್ಷನ್ಸ್, ಪ್ರಿಫರೆನ್ಸಸ್, ಆಡಿಯೋ, ಅದರಾಗ ಡಿವೈಸ್. ಅಲ್ಲಿ ವೇವ್‌ಔಟ್ ಇಲ್ಲಾ ಡೈರೆಕ್ಟ್‌ಸೌಂಡ್ ಅಂತ ಇತ್ತಂದ್ರ ಕಳ್ಳ ಸಿಕ್ಕ. ಆ ದಾರಿ ಎಲ್ಲಾ ಪ್ರೋಗ್ರಾಂಗಳ ಸೌಂಡ್ ಕಲಸೋ ವಿಂಡೋಸ್ ಮಿಕ್ಸರ್ ಒಳಗ ಹಾದು ಹೋಗ್ತದ, ಸೋಲಾಪುರದ ಲಾರಿ ಗಾಂಧಿ ಚೌಕದ ಗದ್ದಲದಾಗ ಹೊಕ್ಕಂಗ. ಆಸಿಯೋ (ASIO) ಅನ್ನೋ ಡ್ರೈವರ್ ಅಂದ್ರ ಬೈಪಾಸ್. ಮ್ಯೂಸಿಕ್ ಸಾಫ್ಟ್‌ವೇರ್ ಕಂಪನಿ ಸ್ಟೈನ್‌ಬರ್ಗ್‌ನವರು 1997ರಾಗ ಮಾಡಿಟ್ಟಾರ, ನೀವು ಇನ್ನೂ ಚೌಕದಾಗ ಹಾರ್ನ್ ಹೊಡೀತೀರಿ.

ಆಡಿಯೋ ಇಂಟರ್‌ಫೇಸ್ (ಮೈಕ್‌ನ ಕಂಪ್ಯೂಟರ್‌ಗೆ ಜೋಡಸೋ ಡಬ್ಬಿ) ಇದ್ರ ಅದರ ಕಂಪನಿ ಕೊಟ್ಟ ಆಸಿಯೋ ಡ್ರೈವರ್‌ನ ಹಾಕ್ರಿ. ಇಂಟರ್‌ಫೇಸ್ ಇಲ್ಲದವರಿಗೆ ಆಸಿಯೋ4ಆಲ್ ಅನ್ನೋ ಡ್ರೈವರ್. "ಅದು ಖರೇ ಆಸಿಯೋ ಅಲ್ಲ, ಬರೇ ಮುಖವಾಡ" ಅಂತ ಪಂಡಿತರು ಬರ್ತಾರೀಗ. ಹೌದ್ರೀ, ಮುಖವಾಡನ! ಒಳಗ ವಿಂಡೋಸಿನ ಮಾಮೂಲಿ ಡಬ್ಲ್ಯುಡಿಎಂ ಡ್ರೈವರ್ ಐತಿ. ಆದ್ರ ಮಿಕ್ಸರ್ ತಪ್ಪಸ್ತದಲ್ಲ? ಸಾಕು. ಒಂದ ನೆನಪಿಡ್ರಿ, ಬ್ರೌಸರ್ ಮುಚ್ಚಿರಬೇಕು. ಸೌಂಡ್ ಕಾರ್ಡನ್ನ ಅದು ಹಿಡಕೊಂಡು ಕುಂತಿದ್ರ ಆಸಿಯೋ4ಆಲ್‌ಗೆ ಸಿಗಂಗಿಲ್ಲ.

"ಬರೇ ಬಫರ್ ಇಳಿಸಿದ್ರ ಆಗಂಗಿಲ್ಲೇನು?" ಬಫರ್ ಅಂದ್ರ ಕಂಪ್ಯೂಟರ್ ಒಂದ ಸಲಕ್ಕ ಕೂಡಿಟ್ಟು ಕಳಸೋ ದನಿಯ ತುಣುಕುಗಳು, ಅಂದ್ರ ಸ್ಯಾಂಪಲ್‌ಗಳು. ವೇವ್‌ಔಟ್‌ದಾಗ 128ಕ್ಕ ಇಳಿಸಿ ನೋಡ್ರಿ, ಒಗ್ಗರಣ್ಯಾಗ ಸಾಸಿವಿ ಸಿಡಿದಂಗ ಚಟಪಟ. ಮೊದಲ ಡ್ರೈವರ್, ಆಮ್ಯಾಲ ಬಫರ್! ಲೆಕ್ಕಾ ಕೇಳ್ರಿ: 44,100 ಹರ್ಟ್ಸ್‌ನಾಗ (ಸೆಕೆಂಡಿಗೆ ಅಷ್ಟ ಸ್ಯಾಂಪಲ್) 2048 ಸ್ಯಾಂಪಲ್ ಅಂದ್ರ 46 ಮಿಲಿಸೆಕೆಂಡ್, ಅದೂ ಒಂದ ಕಡಿಗೆ. 128 ಅಂದ್ರ ಬರೇ 2.9. ಹೋಗಿ ಬರೋದು ಹಿಡದು 10ರ ಆಸುಪಾಸು ಬಂತಂದ್ರ, ಭಜನಿಯೊಳಗ ಹನ್ನೊಂದ ಅಡಿ ದೂರ ಕುಂತ ತಬಲಾದವನ ಪೆಟ್ಟು ಕೇಳಿದಷ್ಟ ತಡಾ. ಅಷ್ಟಕ್ಕ ಯಾರ ತಾಳಾನೂ ತಪ್ಪಂಗಿಲ್ಲ. ಸಿಡಿದ್ರ 256ಕ್ಕ ಏರಸ್ರಿ. ಹಾಡಿ ಮುಗದು ಮಿಕ್ಸಿಂಗ್‌ಗೆ ಕುಂತಾಗ 1024 ಇಡ್ರಿ, ಆಗ ತಡಾ ಆದ್ರ ಏನೂ ಕೆಡಂಗಿಲ್ಲ.

256ರಾಗೂ ಸಿಡೀತದೇನು? ಲೇಟೆನ್ಸಿ (ತಡಾ) ಯಾವ ಡ್ರೈವರ್‌ನಿಂದ ಅಂತ ತೋರಸೋ ಲೇಟೆನ್ಸಿಮಾನ್ ಅನ್ನೋ ಸಾಫ್ಟ್‌ವೇರ್ ಹತ್ತು ನಿಮಿಷ ಓಡಸ್ರಿ. ಭಾಳ ಸಲ ವೈಫೈ ಡ್ರೈವರ್ ಸಿಗ್ತದ. ನೋಡ್ರಿ, ಅಲ್ಲೂ ಡ್ರೈವರ್! ರೆಕಾರ್ಡಿಂಗ್ ಮುಗಿಯೋ ತನಕಾ ವೈಫೈ ಆಫ್.

ಈ ಮಾತಿಗೆ ಒಂದು ಲೈಕ್ ಒತ್ರಿ, ಬಟನ್ ಒತ್ತಾಕ ಲೇಟೆನ್ಸಿ ಇಲ್ಲ. ಹೊಸಾ ಲ್ಯಾಪ್‌ಟಾಪ್? ಡ್ರೈವರ್. ಹಳೇದು? ಡ್ರೈವರ್. ದುಬಾರಿ ಮೈಕ್? ಅದಕ್ಕೂ ಇದಕ್ಕೂ ಸಂಬಂಧಾನ ಇಲ್ಲ, ಡ್ರೈವರ್! ಇನ್ನ ಬ್ಲೂಟೂತ್ ಇಯರ್‌ಫೋನ್ ಕಿವ್ಯಾಗ ತುರುಕ್ಕೊಂಡು "ಎಲ್ಲಾ ಮಾಡೇನಿ, ಆದ್ರೂ ತಡಾ" ಅಂತ ಬರಿಯೋರಿಗೆ ನಾ ಉತ್ತರ ಕೊಡಂಗಿಲ್ಲ. ವೈರ್ ಚುಚ್ಚಿ ಬರ್ರಿ.